ಎರಡು ಭಾಷೆಯ ದಾನಿಯೇಲ, ವಿಭಕ್ತಿ ತಪ್ಪಿದ ಯೋಹಾನ

ದಾನಿಯೇಲನ ಗ್ರಂಥವನ್ನೂ ಪ್ರಕಟನೆ ಗ್ರಂಥವನ್ನೂ ಜೊತೆಯಾಗಿ ಓದುವ ವಾಡಿಕೆ ಹಳೆಯದು. ದಾನಿಯೇಲನ 7ನೆಯ ಅಧ್ಯಾಯದಲ್ಲಿ ಸಮುದ್ರದಿಂದ ಏರಿಬರುವ ಸಿಂಹ, ಕರಡಿ, ಚಿರತೆ ಹಾಗೂ ಹತ್ತು ಕೊಂಬಿನ ಮೃಗಗಳು ಪ್ರಕಟನೆಯ 13ನೆಯ ಅಧ್ಯಾಯದಲ್ಲಿ ಒಂದೇ ಮೃಗದ ಮೈಯಲ್ಲಿ ಬೆರೆತಿವೆ. ಗ್ರಂಥಕ್ಕೆ ಮುದ್ರೆ ಹಾಕಿ ಮುಚ್ಚಿಡಬೇಕೆಂದು ದಾನಿಯೇಲನಿಗೆ ಅಪ್ಪಣೆಯಾದರೆ, ಮುದ್ರೆ ಹಾಕಕೂಡದೆಂದು ಯೋಹಾನನಿಗೆ. ಮೊದಲನೆಯದು ಈಗಿನ ರೂಪ ತಳೆದದ್ದು ಕ್ರಿ.ಪೂ. 2ನೆಯ ಶತಮಾನದಲ್ಲಿ, ಎರಡನೆಯದು ಕ್ರಿ.ಶ. 1ನೆಯ ಶತಮಾನದ ಕೊನೆಯಲ್ಲಿ ಎಂಬುದು ಬಹುತೇಕ ವಿದ್ವಾಂಸರ ಮತ. ಇವೆಲ್ಲ ಪರಿಚಿತ ಸಂಗತಿಗಳು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ನಮ್ಮಂಥವರಿಗೆ ಇವುಗಳ ಭಾಷೆಯೇ ಹೆಚ್ಚು ಕುತೂಹಲಕರ.

ದಾನಿಯೇಲನ ಗ್ರಂಥ ಹೀಬ್ರೂವಿನಲ್ಲಿ ಆರಂಭವಾಗುತ್ತದೆ. 2ನೆಯ ಅಧ್ಯಾಯದ 4ನೆಯ ವಚನದಲ್ಲಿ ಆಸ್ಥಾನದ ಪಂಡಿತರು ಅರಸನೊಡನೆ ಅರಾಮ್ಯ ಭಾಷೆಯಲ್ಲಿ ಮಾತನಾಡಿದರೆಂದು ಹೇಳಿ, ಅವರ ಮಾತನ್ನು ಆ ಭಾಷೆಯಲ್ಲೇ ಕೊಡುತ್ತದೆ. ಅವರ ಮಾತು ಮುಗಿಯುತ್ತದೆ. ನಿರೂಪಕ ಮಾತ್ರ ಹೀಬ್ರೂವಿಗೆ ಮರಳುವುದಿಲ್ಲ. ಅರಾಮ್ಯ 7ನೆಯ ಅಧ್ಯಾಯದ ಕೊನೆಯವರೆಗೂ ಸಾಗಿ, 8ರಿಂದ ಮತ್ತೆ ಹೀಬ್ರೂ ಬರುತ್ತದೆ. ಅರಮನೆಯ ಕಥೆಗಳಿಗೆ ಅರಮನೆಯ ಭಾಷೆ ಎಂಬ ವಿವರಣೆ ಸಾಲದು. 7ನೆಯ ಅಧ್ಯಾಯ ದಾನಿಯೇಲ ತಾನೊಬ್ಬನೇ ಕಂಡ ಕನಸು, ಅದೂ ಅರಾಮ್ಯದಲ್ಲಿದೆ. 2ನೆಯ ಅಧ್ಯಾಯದ ಸ್ತೋತ್ರ ಅರಾಮ್ಯದಲ್ಲಿದ್ದರೆ, 9ನೆಯ ಅಧ್ಯಾಯದ ಪ್ರಾರ್ಥನೆ ಹೀಬ್ರೂವಿನಲ್ಲಿದೆ. ಮನೆಗೆ ಕನ್ನಡ, ಪೇಟೆಗೆ ತಮಿಳು ಎಂದು ನಾವು ಸಮೀಕ್ಷೆಗಳಲ್ಲಿ ಗೆರೆ ಎಳೆಯುತ್ತೇವಲ್ಲ, ಅಂಥ ಗೆರೆ ಇಲ್ಲಿ ನಿಲ್ಲುವುದಿಲ್ಲ. ನಮ್ಮ ದೇವಾಂಗ ನೇಕಾರರ ಮನೆಗಳಲ್ಲೂ ಅಂಗಡಿಯವನ ಮಾತನ್ನು ತಮಿಳಿನಲ್ಲಿ ಹೇಳಲು ತೊಡಗಿದ ಅಜ್ಜಿ, ಆತ ಕಥೆಯಿಂದ ಹೊರಟುಹೋದ ಮೇಲೂ ತಮಿಳಿನಲ್ಲೇ ಮುಂದುವರಿಯುವುದುಂಟು.

ಯೋಹಾನನ ರೀತಿ ಬೇರೆ. ಅವನು ಬರೆದದ್ದು ಗ್ರೀಕಿನಲ್ಲಿ ಮಾತ್ರ, ಆದರೆ ಅದರ ಬೆನ್ನಿಗೆ ಹೀಬ್ರೂ ನಿಂತಿದೆ. ಅವನ ಗ್ರೀಕು ಶುದ್ಧವಲ್ಲವೆಂದು 3ನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯದ ಬಿಷಪ್ ಡಯೋನೀಸಿಯಸ್ ಟೀಕಿಸಿದ್ದ. 1ನೆಯ ಅಧ್ಯಾಯದ 4ನೆಯ ವಚನದಲ್ಲಿ ‘ಇಂದ’ ಎಂಬರ್ಥದ ಪದದ ನಂತರ ದೇವರ ಹೆಸರು ಪ್ರಥಮಾ ವಿಭಕ್ತಿಯಲ್ಲೇ ಉಳಿದಿದೆ. ಅದೇ ವಚನದಲ್ಲಿ, ಅದೇ ಪದದ ಮುಂದೆ ಬರುವ ಏಳು ಆತ್ಮಗಳಿಗೆ ವಿಭಕ್ತಿ ಸರಿಯಾಗಿದೆ. ಆದ್ದರಿಂದ ಇದನ್ನು ಅಜ್ಞಾನವೆನ್ನಲಾಗದು. ದೇವರ ಹೆಸರು ಪರಭಾಷೆಯ ವ್ಯಾಕರಣಕ್ಕೆ ಬಾಗಬಾರದೆಂಬ ಹಟ ಇಲ್ಲಿರುವಂತೆ ನನಗೆ ತೋರುತ್ತದೆ. 9ನೆಯ ಅಧ್ಯಾಯದಲ್ಲಿ ಪಾತಾಳದ ದೂತನ ಹೆಸರನ್ನು ಹೀಬ್ರೂವಿನಲ್ಲೂ ಗ್ರೀಕಿನಲ್ಲೂ ಕೊಡುವವನಿಗೆ ಎರಡು ಭಾಷೆಗಳ ನಡುವಿನ ಅಂತರ ತಿಳಿಯದೇ ಇರಲಿಲ್ಲ.

ಕನ್ನಡ ಸತ್ಯವೇದದಲ್ಲಿ ಇವೆರಡೂ ಕಾಣುವುದಿಲ್ಲ. ಪಂಡಿತರು ಅರಾಮ್ಯದಲ್ಲಿ ಮಾತನಾಡಿದರೆಂಬ ವಾಕ್ಯವಿದೆ, ಮುಂದಿನ ಮಾತು ಹಿಂದಿನ ಕನ್ನಡವೇ. ಯೋಹಾನನ ವಿಭಕ್ತಿಯೂ ನೇರವಾಗಿದೆ. ಪೂಜೆಯಲ್ಲಿ ಓದುವ ಗ್ರಂಥಕ್ಕೆ ಇದು ಅನಿವಾರ್ಯವಿರಬಹುದು. ಅನುವಾದಕರನ್ನು ನಾನು ದೂರುವುದಿಲ್ಲ. ಮೌಖಿಕ ಕಥೆಗಳನ್ನು ಲಿಪ್ಯಂತರಿಸುವ ನಮಗೆ ಆ ನೆಪವಿಲ್ಲ. ಹೇಳುವವರು ತಮಿಳಿಗೆ ಹೊರಳಿದೆಡೆ ‘ಕಲಬೆರಕೆ’ ಎಂದು ಗುರುತು ಹಾಕಿ, ಶಿಷ್ಟ ಕನ್ನಡದಲ್ಲಿ ತುಂಬಿಕೊಡುವ ಕೆಲಸವನ್ನು ನಾನೂ ಮಾಡಿದ್ದೇನೆ. ಹಾಗೆ ತಿದ್ದಿದ ಹಾಳೆಗಳನ್ನು ಈಗ ಧ್ವನಿಮುದ್ರಿಕೆಯೊಡನೆ ಮರಳಿ ಹೋಲಿಸುತ್ತಿದ್ದೇನೆ.