ತಟ್ಟೆಯಿಂದ ಜಾಲಕ್ಕೆ: ಕುಮಾರ ಗಂಧರ್ವರ ಹಾಡು ಮತ್ತು ಹಂಚಿಕೆಯ ಪ್ರಶ್ನೆ

ಹಾಡು ಹಾಡಿದವನದೋ, ಕೇಳಿದವನದೋ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಹೊಸದಲ್ಲ. ಆದರೆ ಅದು ನನ್ನ ಮೇಜಿನ ಮೇಲೆಯೇ ಬಂದು ಕುಳಿತೀತೆಂದು ನಾನು ಎಣಿಸಿರಲಿಲ್ಲ. ಮಾಟುಂಗದ ಹಿರಿಯ ಕನ್ನಡಿಗರೊಬ್ಬರು ಮನೆಯನ್ನು ಖಾಲಿಮಾಡುವ ಸಂದರ್ಭದಲ್ಲಿ ಒಂದು ಹಳೆಯ ಕ್ಯಾಸೆಟ್ಟನ್ನು ನನ್ನ ಕೈಗಿತ್ತು, "ಇದು ನನ್ನಲ್ಲಿದ್ದರೆ ಹಾಳಾದೀತು, ನೀವು ಇಟ್ಟುಕೊಳ್ಳಿ" ಎಂದರು. ಅದರಲ್ಲಿರುವುದು ಕುಮಾರ ಗಂಧರ್ವರ ಕಂಠ. ಅವರ ಮೊಮ್ಮಗ ಅದನ್ನು ಕೂಡಲೇ ಅಂತರ್ಜಾಲಕ್ಕೆ ಏರಿಸಿಬಿಡಬೇಕೆನ್ನುತ್ತಾನೆ. ಏರಿಸುವುದು ಹತ್ತು ನಿಮಿಷದ ಕೆಲಸ. ಏರಿಸಬಹುದೇ ಎಂದು ತೀರ್ಮಾನಿಸಲು ನನಗೆ ಇಷ್ಟು ದಿನ ಬೇಕಾಯಿತು; ಆ ಯೋಚನೆಯ ಫಲವೇ ಈ ಲೇಖನ.

ಇಂದು 'ಸ್ವತಂತ್ರ ಸಂಗೀತಗಾರ' ಎಂಬ ಮಾತನ್ನು ಚಲನಚಿತ್ರವನ್ನಾಗಲಿ ದೊಡ್ಡ ಧ್ವನಿಮುದ್ರಣ ಸಂಸ್ಥೆಯನ್ನಾಗಲಿ ಆಶ್ರಯಿಸದೆ, ತನ್ನ ಹಾಡನ್ನು ತಾನೇ ಮುದ್ರಿಸಿ ಜಾಲದಲ್ಲಿ ಹಂಚುವವನಿಗೆ ಬಳಸುತ್ತಾರೆ. ಕುಮಾರರು 1992ರ ಜನವರಿ 12ರಂದು ತೀರಿಕೊಂಡರು. ಜಾಲವನ್ನು ಅವರು ಕಾಣಲಿಲ್ಲ. ಆದರೂ ಸ್ವಾತಂತ್ರ್ಯ ಮತ್ತು ಹಂಚಿಕೆ ಎಂಬ ಈ ಎರಡು ಮಾತುಗಳ ಸಂಬಂಧವನ್ನು ಪರೀಕ್ಷಿಸಲು ಅವರ ಬಾಳಿಗಿಂತ ಉತ್ತಮವಾದ ಉದಾಹರಣೆ ನಮ್ಮಲ್ಲಿ ದೊರೆಯುವುದು ಕಷ್ಟ. ಅವರು ಆಸ್ಥಾನದ ಗಾಯಕರಲ್ಲ, ಯಾವ ಘರಾಣೆಯ ಹಕ್ಕುದಾರರೂ ಅಲ್ಲ, ಚಿತ್ರಗೀತೆಯಿಂದ ಹೊಟ್ಟೆ ಹೊರೆದವರೂ ಅಲ್ಲ. ಮೇಲಾಗಿ, ಅವರ ಸಂಗೀತಜೀವನ ಆರಂಭವಾದದ್ದೇ ಒಂದು ಬಗೆಯ ನಕಲಿನಿಂದ.

ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಲಿ ಎಂಬ ಬಾಲಕ, ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಆ ಕಾಲದ ದೊಡ್ಡ ಗಾಯಕರ ಹಾಡುಗಾರಿಕೆಯನ್ನು ಯಥಾವತ್ತಾಗಿ ಒಪ್ಪಿಸುತ್ತಿದ್ದನು. ಮಠಾಧೀಶರೊಬ್ಬರು 'ಕುಮಾರ ಗಂಧರ್ವ'ನೆಂದು ಕರೆದದ್ದು ಈ ಅದ್ಭುತಕ್ಕೆ ಮೆಚ್ಚಿ. ಇಲ್ಲಿ ನಾವು ಒಂದು ವಿಷಯವನ್ನು ಮರೆಯಬಾರದು. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ನೀರು ಹೊತ್ತು ಪಡೆಯಬೇಕಾಗಿದ್ದ ವಿದ್ಯೆಯ ಒಂದು ತುಣುಕು, ಗುರುವಿನ ಅನುಮತಿಯೇ ಇಲ್ಲದೆ, ಸುಳೇಭಾವಿಯಂಥ ಹಳ್ಳಿಯ ಹುಡುಗನ ಕಿವಿಗೆ ಬಿದ್ದಿತ್ತು. ಮೂರು ಮೂರೂವರೆ ನಿಮಿಷಗಳ ತಟ್ಟೆ ರಾಗವನ್ನು ಕೊಂದಿತೆಂದು ಹಳಬರು ಗೊಣಗಿದರು. ಅದರಲ್ಲಿ ಸತ್ಯಾಂಶವೂ ಇತ್ತು. ಆದರೆ ಆ ಅಪಭ್ರಂಶವೇ ಇಲ್ಲದಿದ್ದಲ್ಲಿ ಈ ಗಾಯಕನೂ ಇರುತ್ತಿರಲಿಲ್ಲ.

1936ರ ಸುಮಾರಿಗೆ ಬಾಲಕನು ಮುಂಬಯಿಗೆ ಬಂದು ಪ್ರೊ. ಬಿ. ಆರ್. ದೇವಧರರ ಶಾಲೆಯನ್ನು ಸೇರಿದನು. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದುದರಿಂದ ಇದು ಪರರಾಜ್ಯಕ್ಕೆ ವಲಸೆ ಬಂದಂತಲ್ಲ, ರಾಜಧಾನಿಗೆ ಬಂದಂತೆ. ಆಪೆರಾ ಹೌಸ್ ಬಳಿಯ ಆ ಶಾಲೆಯ ವೈಶಿಷ್ಟ್ಯ ಅದರ ತೆರೆದ ಬಾಗಿಲು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಒಂದೇ ಘರಾಣೆಗೆ ಅಂಟಿಕೊಂಡವರಲ್ಲ. ಬೇರೆಬೇರೆ ಉಸ್ತಾದರನ್ನು ಕರೆಸಿ ಹಾಡಿಸಿ, ಅವರಲ್ಲಿದ್ದ ಚೀಜುಗಳನ್ನು ಸಂಗ್ರಹಿಸಿದವರು. ಕುಮಾರರು ಅಂಜನೀಬಾಯಿ ಮಾಲ್ಪೇಕರರಲ್ಲಿಯೂ ಕಲಿತರು. ಉಸ್ತಾದರು ಮಗನಿಗೂ ಪೂರ್ತಿ ಕೊಡದೆ ಬಚ್ಚಿಡುತ್ತಿದ್ದ ಬಂದಿಶ್‌ಗಳನ್ನು ಸ್ವರಲಿಪಿಯೊಡನೆ 'ಕ್ರಮಿಕ ಪುಸ್ತಕ ಮಾಲಿಕೆ'ಯಲ್ಲಿ ಅಚ್ಚು ಹಾಕಿಸಿದ ಭಾತಖಂಡೆಯವರು ಇದೇ ಮುಂಬಯಿಯ ವಕೀಲರು. ಹಾಡನ್ನು ಬಚ್ಚಿಡುವವರ ಮತ್ತು ಹಂಚುವವರ ನಡುವಿನ ಈ ವ್ಯಾಜ್ಯ ಈ ಊರಿನಲ್ಲಿ ನೂರು ವರ್ಷಕ್ಕೂ ಹಿಂದಿನದು. ಕಂಪ್ಯೂಟರು ಅದನ್ನು ಹುಟ್ಟಿಸಲಿಲ್ಲ.

ಹಾಗಾದರೆ ಕುಮಾರರು ನಕಲಿನಿಂದ ಬಿಡುಗಡೆ ಹೊಂದಿದ್ದು ಹೇಗೆ? 1947ರಲ್ಲಿ ಭಾನುಮತಿಯವರೊಡನೆ ವಿವಾಹ, ಅನಂತರ ಕ್ಷಯ, 1948ರಲ್ಲಿ ಒಣಹವೆಯನ್ನರಸಿ ಮಾಳವದ ದೇವಾಸಕ್ಕೆ. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಸ್ಟ್ರೆಪ್ಟೊಮೈಸಿನ್ ಔಷಧದಿಂದ ಜೀವ ಉಳಿಯಿತಾದರೂ ಒಂದು ಶ್ವಾಸಕೋಶ ನಿರುಪಯುಕ್ತವಾಯಿತು. 1953ರ ಸುಮಾರಿಗೆ ಅವರು ಮತ್ತೆ ಹಾಡತೊಡಗಿದಾಗ ಕೇಳುಗರ ಮುಂದೆ ಕುಳಿತಿದ್ದವರು ಬೇರೆಯೇ ಗಾಯಕರು. ಹಾಸಿಗೆಯಲ್ಲಿದ್ದ ಆ ಮೌನದ ವರ್ಷಗಳಲ್ಲಿ ಅವರು ಕೇಳಿದ್ದು ತಟ್ಟೆಗಳನ್ನಲ್ಲ. ಮದುವೆ ಮುಂಜಿಗಳಲ್ಲಿ, ಹೊಲಮನೆಗಳಲ್ಲಿ ಮಾಳವದ ಹೆಂಗಸರು ಹಾಡುತ್ತಿದ್ದ ಪದಗಳನ್ನು, ನಾಥಪಂಥದ ಜೋಗಿಗಳು ಹಾಡುತ್ತಿದ್ದ ನಿರ್ಗುಣ ಭಜನೆಗಳನ್ನು. ರಾಗದ ಬೇರು ಈ ನಾಲ್ಕೈದು ಸ್ವರಗಳ ಧಾಟಿಗಳಲ್ಲಿದೆಯೆಂಬುದು ಅವರಿಗೆ ಹೊಳೆದು, ಮಾಲವತಿ, ಸಂಜಾರಿ, ಲಗನಗಂಧಾರ ಮೊದಲಾದ 'ಧುನ್ ಉಗಮ' ರಾಗಗಳು ಹುಟ್ಟಿದವು.

ಇಲ್ಲಿ ನನಗೆ ಮುಖ್ಯವೆಂದು ತೋರುವುದು ರಾಗಗಳ ಸಂಖ್ಯೆಯಲ್ಲ. ಒಡೆಯನಿಲ್ಲದ ಸಂಗೀತದಿಂದ ಪಡೆದದ್ದನ್ನು ಅವರು ಬಚ್ಚಿಡಲಿಲ್ಲವೆಂಬುದು. 1965ರಲ್ಲಿ ಪ್ರಕಟವಾದ 'ಅನೂಪರಾಗವಿಲಾಸ'ದಲ್ಲಿ ತಮ್ಮ ಸ್ವಂತ ಬಂದಿಶ್‌ಗಳನ್ನೇ ಸ್ವರಲಿಪಿ ಸಮೇತ ಜನರ ಕೈಗಿತ್ತರು. ಇನ್ನೂ ನಡುವಯಸ್ಸಿನ, ಕಚೇರಿಗಳಿಂದಲೇ ಬದುಕಬೇಕಾದ ಗಾಯಕನೊಬ್ಬ ತನ್ನ ಬಂಡವಾಳವನ್ನು ಹೀಗೆ ಅಚ್ಚು ಹಾಕಿಸುವುದು ಸಾಮಾನ್ಯ ಸಂಗತಿಯಲ್ಲ. ಕೊಟ್ಟರೆ ಕರಗುವ ಬಂಡವಾಳ ಒಂದು ಬಗೆ, ಕೊಟ್ಟಷ್ಟೂ ಬೆಳೆಯುವುದು ಇನ್ನೊಂದು ಬಗೆ. ಬ್ಯಾಂಕಿನಲ್ಲಿ ಕೆಲಸಮಾಡುವ ನನಗೆ ಮೊದಲನೆಯದೇ ಹೆಚ್ಚು ಪರಿಚಿತ.

ಅವರ ಗಾಯನದ ಬಗ್ಗೆ ವಿಮರ್ಶಕರಲ್ಲಿ ಭಿನ್ನಾಭಿಪ್ರಾಯ ಬಹುಕಾಲ ನಡೆಯಿತು. ಕ್ರಮವಾದ ಬಢತ್ ಇಲ್ಲ, ತಾನುಗಳು ತುಂಡುತುಂಡು, ಇದು ಶ್ವಾಸಕೋಶದ ದೌರ್ಬಲ್ಯವನ್ನೇ ಶೈಲಿಯೆಂದು ಕರೆದಂತೆ, ಎಂದು ಒಂದು ಪಕ್ಷ. ಮುಂಬಯಿಯಲ್ಲಿ ಲೆಕ್ಕಪರಿಶೋಧಕರಾಗಿದ್ದುಕೊಂಡೇ 'ಘರಂದಾಜ್ ಗಾಯಕಿ'ಯಂಥ ಗ್ರಂಥವನ್ನು ಮರಾಠಿಗಿತ್ತ ವಾಮನರಾವ್ ದೇಶಪಾಂಡೆಯವರು ಕುಮಾರರ ಆಪ್ತರಾಗಿದ್ದೂ ಅವರ ಗಾಯನದ ಕುರಿತು ತೂಗಿ ಬರೆದರು. ಆದರೆ ಆ ಪೀಳಿಗೆಯ ವಿಮರ್ಶಕರು ಬರೆಯುತ್ತಿದ್ದುದು ಬಹುಮಟ್ಟಿಗೆ ನೆನಪಿನಿಂದ. ಇಂದು ಬೋರಿವಲಿಯ ಲೋಕಲ್ ಗಾಡಿಯಲ್ಲಿ ನಿಂತ ವಿದ್ಯಾರ್ಥಿ ಕುಮಾರರ ಒಂದೇ ರಾಗದ ನಾಲ್ಕು ಬೇರೆ ಕಾಲದ ಹಾಡುಗಾರಿಕೆಯನ್ನು ಚರ್ಚ್‌ಗೇಟ್ ಬರುವುದರೊಳಗೆ ಪಕ್ಕಪಕ್ಕ ಇಟ್ಟು ತೂಗಬಲ್ಲನು. ಹಾಗೆ ತೂಗಿದಾಗ ದೌರ್ಬಲ್ಯದ ವಾದ ನಿಲ್ಲುವುದಿಲ್ಲವೆಂದೇ ನನ್ನ ಅಭಿಪ್ರಾಯ. ಬೇಕೆಂದಾಗ ಮಿಂಚಿನಂಥ ದ್ರುತ ತಾನು ಬರುತ್ತದೆ. ಬೇಡವೆಂದಾಗ ಬಂದಿಶಿನ ಒಂದೇ ಶಬ್ದದ ಮುಂದೆ ಅವರು ನಿಂತುಬಿಡುತ್ತಾರೆ. ಉಸಿರು ಸಾಲದೆ ನಿಂತದ್ದಲ್ಲ, ಮಾತು ಮುಗಿದದ್ದರಿಂದ ನಿಂತದ್ದು. ಮನೆಗಳಲ್ಲಿ ಯಾರೋ ಮುದ್ರಿಸಿಕೊಂಡ ಧ್ವನಿಸುರುಳಿಗಳು ಜಾಲಕ್ಕೆ ಬಾರದಿದ್ದರೆ ಈ ತೀರ್ಪಿಗೆ ಆಧಾರವೇ ಇರುತ್ತಿರಲಿಲ್ಲ. ಹಂಚಿಕೆಯಿಂದ ವಿಮರ್ಶೆಗೆ ಆದ ಲಾಭ ಇದು, ಸಣ್ಣದಲ್ಲ.

ನಷ್ಟವೂ ಸಣ್ಣದಲ್ಲ. ಕುಮಾರರ ಪ್ರತಿಭೆಯ ಒಂದು ಮುಖ ರಾಗದಲ್ಲಿದ್ದರೆ ಇನ್ನೊಂದು ಮುಖ ಸಂಜೆಯ ರಚನೆಯಲ್ಲಿತ್ತು. 'ಗೀತ ವರ್ಷಾ', 'ಗೀತ ಹೇಮಂತ', 'ಗೀತ ವಸಂತ', 'ತ್ರಿವೇಣಿ' ಮೊದಲಾದ ಕಾರ್ಯಕ್ರಮಗಳಲ್ಲಿ ಅವರು ಖ್ಯಾಲನ್ನೂ ಜನಪದ ಗೀತೆಯನ್ನೂ ಭಜನೆಯನ್ನೂ ಒಂದು ದಾರದಲ್ಲಿ ಪೋಣಿಸಿದರು. ಯಾವ ಹಾಡಿನ ಅನಂತರ ಯಾವುದು ಬರಬೇಕೆಂಬುದು ಅಲ್ಲಿ ಕೃತಿಯ ಒಂದು ಅಂಗ, ಕಾದಂಬರಿಯ ಅಧ್ಯಾಯಗಳಂತೆ. ಜಾಲದಲ್ಲಿ ಈ ದಾರ ಹರಿಯುತ್ತದೆ. ಮಳೆಯ ಪದವೊಂದು ಕೇಳಿಬರುತ್ತದೆ. ಅದು ಮುಗಿಯುತ್ತಲೇ ಯಂತ್ರವು ತನಗೆ ತೋಚಿದ ಇನ್ನೊಂದನ್ನು, ಬೇರೊಬ್ಬ ಗಾಯಕನ ಇನ್ನೊಂದು ಋತುವಿನದನ್ನು, ತಂದೊಡ್ಡುತ್ತದೆ. ಶೀರ್ಷಿಕೆಯಲ್ಲಿ ಊರಿಲ್ಲ, ವರ್ಷವಿಲ್ಲ. ದಶಕಗಳ ಕಾಲ ಅವರ ಪಕ್ಕದಲ್ಲಿ ಕುಳಿತು ತಬಲಾ ನುಡಿಸಿದ ಮುಂಬಯಿಯ ವಸಂತರಾವ್ ಆಚ್ರೇಕರರ ಹೆಸರಿಲ್ಲ. 1962ರಲ್ಲಿ ಅವರ ಪತ್ನಿಯಾಗಿ, ಆಮೇಲೆ ಜೊತೆಗಾಯಕಿಯಾಗಿಯೂ ಕುಳಿತ ವಸುಂಧರಾ ಕೋಮಕಲಿಯವರ ಹೆಸರೂ ಅನೇಕ ಕಡೆ ಇಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ತಟ್ಟೆ ತಯಾರಾಗುತ್ತಿದ್ದ ಜರ್ಮನಿಯ ಹ್ಯಾನೋವರಿನ ಕೆಲಸಗಾರರಿಗೆ ಅದು ಯಾರ ಹಾಡೆಂದು ತಿಳಿಯಲೆಂದು. ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಮಹಾಗಾಯಕಿಗೆ ತಿಳಿದಿದ್ದ ಈ ಸರಳ ವಿವೇಕವನ್ನು ನಾವು ಕಳೆದುಕೊಂಡಿದ್ದೇವೆ.

ಇನ್ನು ಕಾನೂನಿನ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ತಟ್ಟೆ ಮಾಡಿದ ಸಂಸ್ಥೆಗೆ ಹಕ್ಕಿತ್ತು, ಹಾಡಿದವನಿಗೆ ಇರಲಿಲ್ಲ. 1977ರ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಗಾಯಕನಿಗೆ ತನ್ನ ಗಾಯನದ ಮೇಲೆ ಹಕ್ಕಿಲ್ಲದಿರುವುದು ಭಾರತೀಯ ಮನೋಧರ್ಮಕ್ಕೆ ಒಗ್ಗದ್ದೆಂದು ವಿಷಾದಿಸಿದರು. ಪ್ರದರ್ಶಕನ ಹಕ್ಕು ಕಾಯಿದೆಯನ್ನು ಸೇರಿದ್ದು 1994ರ ತಿದ್ದುಪಡಿಯಿಂದ, ಬಲಗೊಂಡದ್ದು 2012ರ ತಿದ್ದುಪಡಿಯಿಂದ. ಅಷ್ಟರಲ್ಲಿ ಕುಮಾರರು ಇರಲಿಲ್ಲ. ಇಂದಿನ ಸ್ವತಂತ್ರ ಗಾಯಕನಿಗೆ ಹಕ್ಕುಂಟು, ಅನ್ನ ಸಾಲದು. ಸಾವಿರಾರು ಜನ ಕೇಳಿದರೂ ಕೈಗೆ ಬರುವುದು ಪುಡಿಗಾಸು. ಇದಕ್ಕೆ ಪರಿಹಾರವನ್ನು ಕಲಾವಿದರೇ ಹುಡುಕಿದ್ದೂ ಉಂಟು. ಶುಭಾ ಮುದ್ಗಲ್ ಹಾಗೂ ಮುಂಬಯಿಯ ತಬಲಾವಾದಕ ಅನೀಶ್ ಪ್ರಧಾನ್ 2003ರಲ್ಲಿ ಆರಂಭಿಸಿದ ಅಂಡರ್‌ಸ್ಕೋರ್ ರೆಕಾರ್ಡ್ಸ್, ದಲ್ಲಾಳಿಯಿಲ್ಲದೆ ಸಂಗೀತಗಾರರು ತಮ್ಮ ಧ್ವನಿಮುದ್ರಿಕೆಗಳನ್ನು ಜಾಲದ ಮೂಲಕ ಕೇಳುಗರಿಗೆ ತಲುಪಿಸುವ ಯತ್ನ. ವಾಮನರಾಯರ ಪುತ್ರರೂ ಕುಮಾರರ ಶಿಷ್ಯರೂ ಆದ ಸತ್ಯಶೀಲ ದೇಶಪಾಂಡೆಯವರು ಸಂವಾದ ಫೌಂಡೇಶನ್ನಿನ ಮೂಲಕ ಹಲವು ಘರಾಣೆಗಳ ಗಾಯನವನ್ನು ಮುದ್ರಿಸಿ ಸಂಗ್ರಹಿಸಿದರು. ಇಂಥ ಸಂಗ್ರಹಗಳಲ್ಲಿ ಹಾಡಿನ ಜೊತೆಗೆ ಹಾಡಿನ ಕುಲಗೋತ್ರವೂ ಉಳಿಯುತ್ತದೆ.

ಬೆಂಗಳೂರಿನ ಇನ್ನೊಂದು ಪ್ರಯತ್ನ ನನ್ನ ಶಂಕೆಯನ್ನು ಬಹುಮಟ್ಟಿಗೆ ನಿವಾರಿಸಿತು. ಶಬನಂ ವಿರ್ಮಾನಿಯವರು 2003ರಲ್ಲಿ ಅಲ್ಲಿ ಆರಂಭಿಸಿದ ಕಬೀರ್ ಯೋಜನೆ, ಕುಮಾರರನ್ನು ಕುರಿತು 'ಕೋಯೀ ಸುನತಾ ಹೈ' ಎಂಬ ಚಿತ್ರವನ್ನು ಕೊಟ್ಟಿತಲ್ಲದೆ, 'ಅಜಬ್ ಶಹರ್' ಎಂಬ ಜಾಲಸಂಗ್ರಹದಲ್ಲಿ ಭಕ್ತಿಪದಗಳನ್ನು ಹಾಡಿದವರ ಹೆಸರು, ಅರ್ಥ, ಹಿನ್ನೆಲೆಗಳೊಡನೆ ಎಲ್ಲರಿಗೂ ತೆರೆದಿಟ್ಟಿದೆ. ಮಾಳವದ ಜೋಗಿಯಿಂದ ಬೆಳಗಾವಿಯ ಗಾಯಕನಿಗೆ, ಅವನಿಂದ ಮುಂಬಯಿಯ ಮೆಹಫಿಲಿಗೆ ಬಂದ ಪದದ ಬಳಗ ಈಗ ಕನ್ನಡನಾಡಿನ ಊರೊಂದರಿಂದ ಲೋಕಕ್ಕೆ ಹಂಚಿಕೆಯಾಗುತ್ತಿದೆ. ಕೊಟ್ಟವರ ಹೆಸರು ಅಳಿಯದೆ ಹಂಚಿಕೆ ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಸಭೆಗಳಲ್ಲಿ ಕುಮಾರರನ್ನು 'ನಮ್ಮವರು' ಎಂದು ಹೇಳಿಕೊಂಡು ಹೆಮ್ಮೆಪಡುವ ವಾಡಿಕೆಯುಂಟು. ಮರಾಠಿ ಮಿತ್ರರು ಒಪ್ಪದಿದ್ದಾಗ ನಾವು ಸುಳೇಭಾವಿಯನ್ನು ಮುಂದಿಡುತ್ತೇವೆ, ದೇವಾಸದವರು ನಗುತ್ತಾರೆ. ಇದೂ ಒಂದು ಬಗೆಯ ಕೃತಿಸ್ವಾಮ್ಯವೇ. ಮನ್ಸೂರರು, ಗಂಗೂಬಾಯಿಯವರು, ಭೀಮಸೇನರು ಇವರೊಡನೆ ಕುಮಾರರನ್ನು ಒಂದೇ ಉಸಿರಿನಲ್ಲಿ ಎಣಿಸಿ ಮುಗಿಸುವ ನಾವು, ಅವರ ಒಂದು ಕಚೇರಿಯನ್ನಾದರೂ ಊರು, ದಿನ, ಪಕ್ಕವಾದ್ಯದವರ ಹೆಸರುಗಳೊಡನೆ ದಾಖಲಿಸಿಟ್ಟಿದ್ದೇವೆಯೇ? ಮುಂಬಯಿಯ ಎಷ್ಟೋ ಕನ್ನಡ ಮನೆಗಳ ಅಟ್ಟದ ಮೇಲೆ ಇಂಥ ಸುರುಳಿಗಳು ಬೂಸಲು ಹಿಡಿಯುತ್ತಿರಬಹುದು. ನಮ್ಮವರೆಂಬ ಮಾತಿಗೆ ಇಷ್ಟು ಕೆಲಸವಾದರೂ ಹಿಂದಿರಬೇಕು.

ನನ್ನಲ್ಲಿರುವ ಕ್ಯಾಸೆಟ್ಟಿನ ಬಗ್ಗೆ ತೀರ್ಮಾನ ಹೀಗೆ: ಮೊದಲು ಅದರ ಪ್ರತಿಯನ್ನು ಗಾಯಕರ ಕುಟುಂಬದವರಿಗೆ ಕಳುಹಿಸಿ ಒಪ್ಪಿಗೆ ಕೇಳುವುದು, ಅವರು ಒಪ್ಪಿದರೆ ಇಡಿಯಾಗಿ, ತುಂಡರಿಸದೆ, ಏರಿಸುವುದು. ಆದರೆ ಅದಕ್ಕೆ ಮುನ್ನ ಒಂದು ತೊಡಕು ಉಳಿದಿದೆ. ಕ್ಯಾಸೆಟ್ಟಿನ ಮೇಲೆ ಪೆನ್ಸಿಲಿನಿಂದ ಮೂರೇ ಶಬ್ದಗಳನ್ನು ಬರೆದಿದೆ: 'ಕುಮಾರ, ದಾದರ, ಮಳೆ'. ಆ ಮಳೆ ಅಂದು ಸುರಿದ ಮಳೆಯೋ, 'ಗೀತ ವರ್ಷಾ' ಕಾರ್ಯಕ್ರಮದ ಗುರುತೋ ತಿಳಿಯದು. ಮೊದಲ ಬದಿ ಹಾಡಿನ ನಡುವೆಯೇ ಆರಂಭವಾಗುತ್ತದೆ. ತಬಲೆಯ ನುಡಿತ ಆಚ್ರೇಕರರದೆಂದು ನನ್ನ ಕಿವಿ ಹೇಳುತ್ತದೆ, ಪ್ರಮಾಣವಿಲ್ಲ. ದಾದರದಲ್ಲಿ ಅಂಥ ಕಚೇರಿಯೊಂದನ್ನು ಕೇಳಿದ ಓದುಗರು ಇದ್ದರೆ ವರ್ಷವನ್ನೂ ಸಭಾಂಗಣವನ್ನೂ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.