ಮಾಲೆಗಾಂವ್‌ನ ಸೂಪರ್‌ಮ್ಯಾನ್: ನಗು ಯಾರದು?

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೆಗಾಂವ್ ಎಂಬ ಊರಿನ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿದ್ದು ಬಾಂಬಿನ ಸುದ್ದಿಯ ಜೊತೆಗೆ. 2006ರ ಸೆಪ್ಟೆಂಬರ್‌ನಲ್ಲಿ, ಶಬೆ ಬರಾಅತ್‌ನ ಶುಕ್ರವಾರ ಅಲ್ಲಿ ಸ್ಫೋಟಗಳಾದವು. 2008ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ. ಮೊದಲ ಪ್ರಕರಣದಲ್ಲಿ ಬಂಧಿತರಾದ ಮುಸ್ಲಿಮರು ಆರೋಪಮುಕ್ತರಾಗಲು 2016ರ ತನಕ ಕಾಯಬೇಕಾಯಿತು. ಎರಡನೆಯ ಪ್ರಕರಣದ ವಿಚಾರಣೆ ಎದುರಿಸಿದ ಏಳು ಮಂದಿಯೂ 2025ರಲ್ಲಿ ಖುಲಾಸೆಯಾದರು. ಟಿ.ವಿ. ವಾಹಿನಿಗಳ ಕ್ಯಾಮೆರಾಗಳು ಆ ಊರಿಗೆ ಹೋದದ್ದು ಇಂಥ ದಿನಗಳಲ್ಲಿ ಮಾತ್ರ. ಆದರೆ ಇದೇ ಅವಧಿಯಲ್ಲಿ ಫೈಝಾ ಅಹ್ಮದ್ ಖಾನ್ ಎಂಬ ನಿರ್ದೇಶಕಿ ಬೇರೊಂದು ಕೆಲಸಕ್ಕಾಗಿ ಅಲ್ಲಿಗೆ ಹೋದರು. ಅವರು ಅರಸಿದ್ದು ಆ ಊರಿನ ಹಾಸ್ಯಗಾರರನ್ನು. ಅವರ 'ಸೂಪರ್‌ಮೆನ್ ಆಫ್ ಮಾಲೆಗಾಂವ್' ಸಾಕ್ಷ್ಯಚಿತ್ರ ಸಿದ್ಧವಾದದ್ದು 2008ರಲ್ಲಿ.

ಮಾಲೆಗಾಂವ್ ವಿದ್ಯುತ್ ಮಗ್ಗಗಳ ಊರು. ವಾರವಿಡೀ ಮಗ್ಗದ ಸದ್ದು ಕೇಳಿ ಕಿವುಡಾದ ಕಾರ್ಮಿಕರಿಗೆ ಶುಕ್ರವಾರ ರಜೆ. ಅಂದು ಸಿನಿಮಾ ಮಂದಿರಗಳ ಮುಂದೆ ಜನವೋ ಜನ. ಇಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಎಂಬವರು ಎರಡು ವಿಸಿಆರ್‌ಗಳನ್ನಿಟ್ಟುಕೊಂಡು ಸಂಕಲನ ಕಲಿತರು. 'ಶೋಲೆ'ಯನ್ನು ಅಣಕಿಸಿ 'ಮಾಲೆಗಾಂವ್ ಕೆ ಶೋಲೆ' ಮಾಡಿದರು. ಊರಿನವರೇ ನಟರು, ಊರಿನವರೇ ಪ್ರೇಕ್ಷಕರು. ಸಾಕ್ಷ್ಯಚಿತ್ರ ಆರಂಭವಾಗುವ ಹೊತ್ತಿಗೆ ಈ ತಂಡದ ಕಣ್ಣು ಸೂಪರ್‌ಮ್ಯಾನ್ ಮೇಲೆ ಬಿದ್ದಿತ್ತು. ಆ ಪಾತ್ರಕ್ಕೆ ಆಯ್ಕೆಯಾದದ್ದು ಶಫೀಕ್ ಎಂಬ ಮಗ್ಗದ ಕಾರ್ಮಿಕ. ಊದಿದರೆ ಹಾರಿಹೋಗುವಂತಹ ಮೈಕಟ್ಟು! ಚಡ್ಡಿಯ ಲಾಡಿ ಹೊರಗೆ ನೇತಾಡುತ್ತಿರುತ್ತದೆ. ಈ ಸೂಪರ್‌ಮ್ಯಾನ್‌ಗೆ ಉಬ್ಬಸ ಬೇರೆ. ಅವನ ಎದುರಾಳಿಯೋ, ಕೊಳಕನ್ನೇ ಪ್ರೀತಿಸುವವನು.

ಇದನ್ನು ನೋಡಿ 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಎಂದು ಗೇಲಿ ಮಾಡುವುದು ಬಹಳ ಸುಲಭ. ನಗರದ ಪ್ರೇಕ್ಷಕ ಬಡವರ ಬಗ್ಗೆ ಸಾಮಾನ್ಯವಾಗಿ ಎರಡೇ ಭಾವ ತಾಳುತ್ತಾನೆ. ಒಂದೋ ಅಯ್ಯೋ ಪಾಪ, ಇಲ್ಲವೇ ಲೇವಡಿ. ಫೈಝಾ ಅವರ ಚಿತ್ರ ಇವೆರಡಕ್ಕೂ ಎಡೆಗೊಡದೆ ನಗಿಸುತ್ತದೆ. ಅದು ಹೇಗೆ ಸಾಧ್ಯವಾಯಿತು?

ನಮಗೆ ತೋಚುವ ಕಾರಣ ಇಷ್ಟು. ಈ ಜನರ ಬಗ್ಗೆ ನಾವು ಮಾಡಬಹುದಾದ ಪ್ರತಿಯೊಂದು ತಮಾಷೆಯನ್ನೂ ಅವರೇ ಮೊದಲು ಮಾಡಿ ಮುಗಿಸಿರುತ್ತಾರೆ. ಧೂಳಿನ ಊರಿನಲ್ಲಿ ಹಾರಾಡುವವನಿಗೆ ಉಬ್ಬಸ ಬಾರದೆ ಇನ್ನೇನು ಬಂದೀತು? ಮಗ್ಗದ ಕಾರ್ಮಿಕರ ಶ್ವಾಸಕೋಶದ ಕಥೆ ಈ ಹಾಸ್ಯದೊಳಗಿದೆ. ಅದನ್ನು ಹೇಳಲು ಅವರಿಗೆ ಸಮಾಜಶಾಸ್ತ್ರಜ್ಞನ ಅಗತ್ಯ ಬೀಳಲಿಲ್ಲ. ನಿರ್ದೇಶಕಿ ಇಲ್ಲಿ ತೋರುವ ಸಂಯಮ ದೊಡ್ಡದು. ಆಕೆ ನಡುವೆ ಬಾಯಿ ಹಾಕಿ ವಿವರಿಸುವುದಿಲ್ಲ. ಬದಲಿಗೆ ಕೆಲಸವನ್ನು ತೋರಿಸುತ್ತಾರೆ. ಎತ್ತಿನ ಗಾಡಿ ಕ್ರೇನ್ ಆಗುತ್ತದೆ, ಸೈಕಲ್ ಟ್ರಾಲಿಯಾಗುತ್ತದೆ. ಹಸಿರು ಪರದೆಯ ಮುಂದೆ ಮನುಷ್ಯನನ್ನು ಹಾರಿಸುವ ತಂತ್ರ ತಿಳಿಯಲು ನಾಸಿರ್ ಮುಂಬೈಗೆ ಹೋಗಿ ಬರುತ್ತಾರೆ. ಇದ್ದ ಕ್ಯಾಮೆರಾ ನೀರಿಗೆ ಬಿದ್ದಾಗ ಇಡೀ ತಂಡದ ಮುಖ ಕಪ್ಪಿಡುತ್ತದೆ. ಆ ಕ್ಷಣದಲ್ಲಿ ಯಾವ ಪ್ರೇಕ್ಷಕನಿಗೂ ಇವರು 'ಹವ್ಯಾಸಿಗಳು' ಅನ್ನಿಸಲಾರದು. ನುರಿತ ಕಸುಬುದಾರರು ನಷ್ಟದ ಲೆಕ್ಕ ಹಾಕುತ್ತಿರುವಂತೆ ಕಾಣುತ್ತದೆ. ಬರಹಗಾರ ಫಾರೋಗ್ ಜಾಫ್ರಿಯ ಮಾತುಗಳಲ್ಲಿ ಮಾತ್ರ ನಗುವಿನ ಅಡಿಯ ಕಹಿ ಮೇಲೆ ಬರುತ್ತದೆ. ಮುಂಬೈ ಮುನ್ನೂರು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದ್ದರೂ ಅವರ ಪಾಲಿಗೆ ಅದು ಚಂದ್ರಲೋಕ.

ಸ್ಫೋಟಗಳನ್ನು ಚಿತ್ರದ ಕೇಂದ್ರಕ್ಕೆ ತರಬೇಕಿತ್ತು ಎಂದು ವಾದಿಸುವವರಿದ್ದಾರೆ. ನಾವು ಒಪ್ಪುವುದಿಲ್ಲ. ಆ ಊರಿನವರನ್ನು ಆರೋಪಿಗಳಾಗಿ ಇಲ್ಲವೇ ಸಂತ್ರಸ್ತರಾಗಿ ತೋರಿಸಲು ಬೇರೆ ಎಷ್ಟೋ ಕ್ಯಾಮೆರಾಗಳಿದ್ದವು. ನಮ್ಮ ತಕರಾರು ಬೇರೆಯದು. ಊರಿನ ಹೆಣ್ಣುಮಕ್ಕಳು ನಟಿಸುವಂತಿಲ್ಲವಾದ್ದರಿಂದ ನಟಿಯರನ್ನು ಹೊರಗಿನಿಂದ ಕರೆತರಲಾಗುತ್ತದೆ. ಚಿತ್ರ ಇದನ್ನು ದಾಖಲಿಸಿ ಮುಂದೆ ಸಾಗುತ್ತದೆ. ಮಾಲೆಗಾಂವ್‌ನ ಮಹಿಳೆಯರು ಯಾವುದಕ್ಕೆ ನಗುತ್ತಾರೆ? ಮಹಿಳೆಯೇ ನಿರ್ದೇಶಿಸಿದ ಚಿತ್ರದಲ್ಲಿ ಅವರ ಪಾಲು ಇಷ್ಟು ಕಡಿಮೆಯಾದದ್ದು ಕೊರತೆಯೇ ಸರಿ.

ಕಲಾವಿದರ ಕುರಿತ ಸಾಕ್ಷ್ಯಚಿತ್ರಗಳು ಏನನ್ನು ಬಿಡುತ್ತವೆ ಎಂಬುದನ್ನು ಗಮನಿಸಬೇಕು. ಮಲಿಕ್ ಬೆಂಜಲೂಲ್ ಅವರ 'ಸರ್ಚಿಂಗ್ ಫಾರ್ ಶುಗರ್ ಮ್ಯಾನ್' (2012) ಚಿತ್ರವನ್ನೇ ನೋಡಿ. ಅಮೆರಿಕದ ಡೆಟ್ರಾಯಿಟ್‌ನ ಹಾಡುಗಾರ ರೊಡ್ರಿಗಸ್ 1970 ಮತ್ತು 1971ರಲ್ಲಿ ತಂದ ಎರಡು ಧ್ವನಿಮುದ್ರಿಕೆಗಳನ್ನು ಅಲ್ಲಿ ಕೊಂಡವರೇ ಇಲ್ಲ. ಆತ ಕಟ್ಟಡ ಕೆಲಸಕ್ಕೆ ಹೋದರು. ಅತ್ತ ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ ಅವರ ಹಾಡು ಮನೆಮಾತಾಯಿತು. ಹಾಡುಗಾರ ಸತ್ತಿದ್ದಾನೆಂದೇ ಜನ ನಂಬಿದ್ದರು. 1998ರಲ್ಲಿ ಆತ ಅಲ್ಲಿನ ವೇದಿಕೆಯೇರುವ ದೃಶ್ಯಕ್ಕೆ ಕಣ್ಣು ಒದ್ದೆಯಾಗದವರು ವಿರಳ. ಆದರೆ ರೊಡ್ರಿಗಸ್ 1979 ಮತ್ತು 1981ರಲ್ಲಿ ಆಸ್ಟ್ರೇಲಿಯಾದಲ್ಲಿ ಹಾಡಿ ಬಂದಿದ್ದರು! ಚಿತ್ರದಲ್ಲಿ ಈ ಮಾತೇ ಇಲ್ಲ. ಸತ್ತವನು ಎದ್ದು ಬಂದ ಪವಾಡಕ್ಕೆ ಧಕ್ಕೆಯಾಗದಿರಲೆಂದು ಒಬ್ಬ ಗಾಯಕನ ಬದುಕಿನ ಎರಡು ಗೆಲುವುಗಳನ್ನು ಅಳಿಸಿ ಹಾಕಲಾಯಿತು. ಚಿತ್ರಕ್ಕೆ ಆಸ್ಕರ್ ಬಂತು. ರೊಡ್ರಿಗಸ್‌ಗೆ ಇಳಿವಯಸ್ಸಿನಲ್ಲಿ ಕೇಳುಗರೂ ಬಂದರು, ಅದನ್ನು ನಾವು ಅಲ್ಲಗಳೆಯುವುದಿಲ್ಲ. 2023ರಲ್ಲಿ ಅವರು ತೀರಿಕೊಂಡರು.

ಇದಕ್ಕೆ ವಿರುದ್ಧ ತುದಿಯಲ್ಲಿ 'ಹೂಪ್ ಡ್ರೀಮ್ಸ್' (1994) ಇದೆ. ಷಿಕಾಗೋದ ಇಬ್ಬರು ಕಪ್ಪು ಹುಡುಗರ ಬಾಸ್ಕೆಟ್‌ಬಾಲ್ ಕನಸಿನ ಬೆನ್ನು ಹಿಡಿದು ಸ್ಟೀವ್ ಜೇಮ್ಸ್ ಮತ್ತು ಸಂಗಡಿಗರು ಐದು ವರ್ಷ ಓಡಾಡಿದರು. ಶುಲ್ಕ ಕಟ್ಟಲಾಗದೆ ಆರ್ಥರ್ ಏಜಿಯನ್ನು ಖಾಸಗಿ ಶಾಲೆ ಹೊರಹಾಕುತ್ತದೆ. ಆ ಮನೆಯ ಕರೆಂಟು ಕಟ್ ಆಗುತ್ತದೆ. ಕ್ಯಾಮೆರಾ ಕತ್ತಲ ಮನೆಯನ್ನು ಸೆರೆಹಿಡಿಯುತ್ತದೆ. ಕರೆಂಟು ಮರಳಿ ಬರಲು ಹಣ ಕೊಟ್ಟವರು ಚಿತ್ರತಂಡದವರೇ. ಮುಂದೆ ಚಿತ್ರದ ಲಾಭದಲ್ಲೂ ಎರಡು ಕುಟುಂಬಗಳಿಗೆ ಪಾಲು ಕೊಟ್ಟರು. ಸಾಕ್ಷಿಯಾಗಿ ನಿಲ್ಲಬೇಕಾದವನು ಕೈ ಹಾಕಬಾರದು ಎನ್ನುವ ಶಾಸ್ತ್ರಬದ್ಧ ವಿಮರ್ಶಕರಿಗೆ ಇದು ಹಿಡಿಸಲಿಕ್ಕಿಲ್ಲ. ಕತ್ತಲಲ್ಲಿ ಕುಳಿತ ತಾಯಿಯ ಮುಂದೆ ಆ ಶಾಸ್ತ್ರ ಎಷ್ಟು ಹೊತ್ತು ನಿಂತೀತು?

ಮಾಲೆಗಾಂವ್‌ಗೆ ಮರಳೋಣ. ಸಾಕ್ಷ್ಯಚಿತ್ರ ಭಾರತದ ಚಿತ್ರಮಂದಿರಗಳಿಗೆ ಬಂದದ್ದು 2012ರಲ್ಲಿ. ಅಷ್ಟರಲ್ಲಿ ಶಫೀಕ್ ಕ್ಯಾನ್ಸರಿಗೆ ಬಲಿಯಾಗಿದ್ದರು. ಇದೇ ಕಥೆಯನ್ನಾಧರಿಸಿ ರೀಮಾ ಕಾಗ್ತಿ 'ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್' ಎಂಬ ಕಥಾಚಿತ್ರ ಮಾಡಿದರು. ಅದು 2025ರಲ್ಲಿ ತೆರೆಕಂಡಿತು. ಚೆನ್ನಾಗಿಯೇ ಇದೆ, ನಟರ ಅಭಿನಯವಂತೂ ಪ್ರಾಮಾಣಿಕ. ಆದರೆ ಅಲ್ಲಿ ಶಫೀಕ್ ಸೂಪರ್‌ಮ್ಯಾನ್ ಆಗುವುದು ಕಾಯಿಲೆ ಬಿದ್ದ ಮೇಲೆ, ಸಾಯಲಿರುವ ಗೆಳೆಯನಿಗೆ ಗೆಳೆಯರು ಕೊಡುವ ಕಾಣಿಕೆಯಾಗಿ. ಕಥಾಚಿತ್ರಕ್ಕೆ ಈ ಸ್ವಾತಂತ್ರ್ಯವಿದೆ ಎಂಬುದನ್ನು ಬಲ್ಲೆವು. ಆದರೂ ಕೇಳಬೇಕೆನ್ನಿಸುತ್ತದೆ: ಮಗ್ಗದ ಕಾರ್ಮಿಕನೊಬ್ಬ ಹಾರಲು ಸಾವಿನ ಸಮ್ಮತಿ ಬೇಕೇ? ಫೈಝಾ ಅವರ ಚಿತ್ರದಲ್ಲಿ ಅಂಥ ಕಾರಣ ಯಾವುದೂ ಇಲ್ಲ. ಅಲ್ಲಿ ಶಫೀಕ್ ಹಾರುವುದು ಹಾರಬೇಕೆನ್ನಿಸಿದ್ದಕ್ಕೆ. ಚಿತ್ರೀಕರಣದ ನಡುವೆಯೇ ಅವರ ಮದುವೆಯೂ ನಡೆದುಹೋಗುತ್ತದೆ.