ಸತ್ಯ ಸಿಕ್ಕಿತು, ನ್ಯಾಯ ಸಿಕ್ಕಿತೇ?



ಪತ್ತೇದಾರಿ ಕಾದಂಬರಿ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಎನ್. ನರಸಿಂಹಯ್ಯನವರ ಪುರುಷೋತ್ತಮ, ಅರಿಂಜಯ. ಅದು ಹೊತ್ತು ಕಳೆಯುವ ಓದಷ್ಟೇ ಎಂದು ಬದಿಗಿಡುವವರೂ ಉಂಟು. ಅಂಥವರು ಶ್ರೀಗ್ರಂಥದಲ್ಲಿ ದಾನಿಯೇಲನ 13ನೆಯ ಅಧ್ಯಾಯವನ್ನು ತೆರೆದು ನೋಡಲಿ. ಸುಸನ್ನಳ ಮೇಲೆ ಸುಳ್ಳುಸಾಕ್ಷಿ ನುಡಿದ ಇಬ್ಬರು ಹಿರಿಯರನ್ನು ದಾನಿಯೇಲನು ಬೇರೆಬೇರೆಯಾಗಿ ನಿಲ್ಲಿಸಿ, ಆಕೆಯನ್ನು ಯಾವ ಮರದ ಕೆಳಗೆ ಕಂಡಿರೆಂದು ಕೇಳುತ್ತಾನೆ. ಒಬ್ಬನು ಒಂದು ಮರವನ್ನೂ ಮತ್ತೊಬ್ಬನು ಇನ್ನೊಂದನ್ನೂ ಹೆಸರಿಸಿ ಸಿಕ್ಕಿಬೀಳುತ್ತಾರೆ. ಸತ್ಯ ಹೊರಬಿದ್ದ ಗಳಿಗೆಯಲ್ಲೇ ನ್ಯಾಯವೂ ದೊರೆಯುತ್ತದೆ.

ಅಮೆರಿಕದ ಲೇಖಕಿ ಡೊನ್ನಾ ಲಿಯೋನ್ 1992ರಿಂದ ಬರೆದುಕೊಂಡು ಬಂದ ಕಾದಂಬರಿಮಾಲೆಯಲ್ಲಿ ಹಾಗಾಗುವುದಿಲ್ಲ. ಕಥೆ ನಡೆಯುವುದು ಇಟಲಿಯ ವೆನಿಸ್ ನಗರದಲ್ಲಿ. ಪೊಲೀಸ್ ಅಧಿಕಾರಿ ಗುಯಿಡೊ ಬ್ರುನೆಟ್ಟಿಗೆ ಅಪರಾಧಿ ಯಾರೆಂಬುದು ತಿಳಿಯುತ್ತದೆ. ಆದರೆ ಹಣ, ಮನೆತನ, ಅಧಿಕಾರಗಳು ಎಷ್ಟೋ ಸಲ ಕಾನೂನಿನ ಕೈಯನ್ನು ತಡೆಯುತ್ತವೆ. ಆತ ಮನೆಗೆ ಬಂದು, ಹೆಂಡತಿ ಪಾವೊಲಾ ಮತ್ತು ಇಬ್ಬರು ಮಕ್ಕಳೊಡನೆ ಊಟಕ್ಕೆ ಕುಳಿತುಕೊಳ್ಳುತ್ತಾನೆ. ಆ ಊಟದ ಮೇಜೇ ಈ ಮಾಲೆಯ ಹೃದಯ.

ಬಾದಾಮಿಯ ಕೆಂಪು ಬಂಡೆಗಳ ನೆರಳಿನಲ್ಲಿ ಓದುವವರಿಗೆ ಆ ನೀರಿನ ನಗರ ಪರಕೀಯವೆನಿಸಬಹುದು. ಆದರೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೆ ನುಗ್ಗಿದ್ದನ್ನು ಕಂಡವರು ನಾವು. ಅದೇ ವರ್ಷ ನವೆಂಬರ್‌ನಲ್ಲಿ ವೆನಿಸ್‌ನಲ್ಲಿ ನೀರು 187 ಸೆಂಟಿಮೀಟರ್ ಮಟ್ಟಕ್ಕೇರಿತು. ಹೊಸ್ತಿಲು ದಾಟಿ ಬರುವ ನೀರಿನ ಭಯವನ್ನು ನಮಗೆ ಯಾರೂ ವಿವರಿಸಬೇಕಿಲ್ಲ.

ಈ ಮಾಲೆಯಲ್ಲಿ ಕ್ರೈಸ್ತ ಓದುಗರನ್ನು ಹೆಚ್ಚು ಕಲಕುವುದು 1997ರ 'ದ ಡೆತ್ ಆಫ್ ಫೇತ್'. ವೃದ್ಧಾಶ್ರಮದಲ್ಲಿ ಬ್ರುನೆಟ್ಟಿಯ ತಾಯಿಯ ಸೇವೆ ಮಾಡಿದ್ದ ಕನ್ಯಾಸ್ತ್ರೀಯೊಬ್ಬಳು ಮಠವನ್ನು ತೊರೆದು ಬಂದು, ವೃದ್ಧರ ಸಾವುಗಳ ಬಗ್ಗೆ ತನ್ನ ಸಂಶಯವನ್ನು ಅವನಿಗೆ ತಿಳಿಸುತ್ತಾಳೆ. ಇಲ್ಲಿ ಧರ್ಮಸಭೆಯು ಬಹುಮಟ್ಟಿಗೆ ಅಧಿಕಾರದ ಮುಖದಲ್ಲೇ ಕಾಣಿಸುತ್ತದೆ. ಇದು ಕೃತಿಯ ಕೊರತೆಯೆಂದೇ ನನ್ನ ಅಭಿಪ್ರಾಯ. ರೋಗಿಯ ಹಾಸಿಗೆಯ ಬಳಿ ರಾತ್ರಿಯೆಲ್ಲ ಎಚ್ಚರವಿರುವ ಸಿಸ್ಟರುಗಳನ್ನು ಬಲ್ಲ ನಮಗೆ ಈ ಚಿತ್ರ ಅರೆಬರೆ ಎನಿಸದಿರದು. ಆದರೆ ಲೇಖಕಿ ಒತ್ತಿ ಹೇಳದ ಒಂದು ಮಾತು ಕಥೆಯಲ್ಲೇ ಇದೆ: ಎಲ್ಲರೂ ಸುಮ್ಮನಿದ್ದಾಗ ಸತ್ತವರ ಪರವಾಗಿ ಬಾಯಿ ತೆರೆದವಳು ಆ ಕನ್ಯಾಸ್ತ್ರೀಯೇ. ಆಕೆಯ ಅಂತಃಸಾಕ್ಷಿ ಬೆಳೆದದ್ದು ಪ್ರಾರ್ಥನೆ ಮತ್ತು ಸೇವೆಯ ನಡುವೆ.

ಆದ್ದರಿಂದ ಈ ಪುಸ್ತಕವನ್ನು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ; ಬೆಳೆದ ಮಕ್ಕಳಿದ್ದರೆ ಜೊತೆಯಲ್ಲೇ ಓದಿ, ಊಟದ ಹೊತ್ತಿನಲ್ಲಿ ಚರ್ಚಿಸಿ. ಸುಸನ್ನಳಿಗೆ ಮರಣದಂಡನೆ ವಿಧಿಸಿದ ಸಭೆಯಲ್ಲಿದ್ದವರೆಲ್ಲ ದುಷ್ಟರಾಗಿರಲಿಲ್ಲ. ಆಪಾದಿಸಿದವರು ಹಿರಿಯರು, ನ್ಯಾಯಾಧೀಶರು ಎಂಬ ಕಾರಣಕ್ಕೇ ಅವರು ನಂಬಿಬಿಟ್ಟಿದ್ದರು. ನಮ್ಮ ಮನೆಯಲ್ಲಿ, ನಮ್ಮ ಧರ್ಮಕೇಂದ್ರದಲ್ಲಿ ಒಂದು ಮಗು ಅಥವಾ ಒಬ್ಬ ಮುದುಕಿ ಅಳುಕುತ್ತಲೇ ದೂರು ಹೇಳಿದಾಗ, ನಾವು ಆ ಸಭೆಯಂತೆ ನಡೆದುಕೊಳ್ಳುತ್ತೇವೆಯೇ, ದಾನಿಯೇಲನಂತೆಯೇ?